ಯಾವ ವರ್ಷದ ಗಾಡಿ

ಕಬ್ಬಿನ ಬಿಲ್ಲು ಖಾತೆಗೆ ಜಮಾ ಆಗುವ ದಿನಗಳಲ್ಲಿ ನಮ್ಮ ಕಡೆ ಹಳೇ ಕಾರುಗಳ ವ್ಯಾಪಾರ ಚುರುಕಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತ ಯಾರ ಮನೆಯಲ್ಲಿ ಯಾವ ಗಾಡಿ ಮಾರಾಟಕ್ಕಿದೆ ಎಂಬುದು ಚಹಾ ಅಂಗಡಿಯಲ್ಲೇ ತಿಳಿಯುತ್ತದೆ. ನೋಡಲು ಒಬ್ಬರೇ ಹೋಗುವುದಿಲ್ಲ. ದುಡ್ಡು ಕೊಡುವ ಹಿರಿಯ, ಗಾಡಿ ಹೊಡೆಯಲಿರುವ ಮಗ, ಪೇಟೆ ಬಲ್ಲ ಅಳಿಯ, ಸಾಧ್ಯವಾದರೆ ಪರಿಚಯದ ಮಿಸ್ತ್ರಿ. ಪ್ರಶ್ನೆಗಳೂ ಹೆಚ್ಚೂಕಡಿಮೆ ಅವೇ. ಎಷ್ಟನೇ ಓನರ್? ಆವರೇಜ್ ಎಷ್ಟ ಕೊಡ್ತೈತಿ? ಟೈರ್ ಯಾವಾಗ ಹಾಕ್ಸೀರಿ? ಇನ್ಸುರನ್ಸ್ ಎಲ್ಲಿತನಕ ಐತಿ? ಗಾಡಿ ಮ್ಯಾಲೆ ಸಾಲ ಐತೇನು? ಎಲ್ಲ ಸರಿಬಂದರೆ ಸಂಚಕಾರ ಕೊಟ್ಟು ಎದ್ದು ಬರುತ್ತಾರೆ.

ಯಾವ ವರ್ಷದ ಗಾಡಿ ಎಂದೂ ಕೇಳುತ್ತಾರೆ. ಆದರೆ ಅದನ್ನು ಕೇಳುವುದು ಬೆಲೆ ಇಳಿಸುವುದಕ್ಕೆ. ಆ ವರ್ಷ ಗಾಡಿಯೊಳಗೆ ಏನೇನು ಬಂದಿತ್ತು, ಏನೇನು ಇನ್ನೂ ಬಂದಿರಲಿಲ್ಲ ಎಂದು ತಿಳಿದುಕೊಳ್ಳಲು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಈ ಎರಡನೆಯ ಉದ್ದೇಶಕ್ಕೇ ಕೇಳಬೇಕು ಎಂದು ನನಗೆ ಈಚೆಗೆ ಬಲವಾಗಿ ಅನಿಸುತ್ತಿದೆ.

ಕಾರು ಇಲ್ಲಿ ಶೋಕಿಯ ವಸ್ತುವಲ್ಲ. ಕುಡಚಿ-ಬಾಗಲಕೋಟೆ ರೈಲು ಮಾರ್ಗಕ್ಕಾಗಿ ಹೋರಾಟ ಮಾಡಿದವರ ಮಕ್ಕಳು ದೊಡ್ಡವರಾದರು, ಜಮಖಂಡಿಗೆ ರೈಲು ಬಂದಿಲ್ಲ. ಅಪರಾತ್ರಿಯಲ್ಲಿ ಎದೆನೋವು ಎಂದರೆ ಬಾಗಲಕೋಟೆಗೋ ವಿಜಯಪುರಕ್ಕೋ ಮಿರಜಕ್ಕೋ ಗಾಡಿ ತಿರುಗಿಸಬೇಕು. ಹೊಲದ ದಾರಿ ಎರಿಮಣ್ಣಿನದು. ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಟ್ರ್ಯಾಕ್ಟರಿನ ಗಾಲಿ ಕೊರೆದ ಕೊರಕಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ತಳ ಎತ್ತರವಿರುವ, ಐದು ಮಂದಿ ಕೂತು ಹಿಂದೆ ಗಂಟುಮೂಟೆ ಹಿಡಿಸುವ, ಸಂದಿಯಲ್ಲೂ ತಿರುಗುವ ಸಣ್ಣ ಎಸ್‌ಯುವಿ ನಮ್ಮವರಿಗೆ ಹಿಡಿಸಿದ್ದು ಸಹಜ.

ಈ ಜಾತಿಯ ಗಾಡಿಗಳ ಮೈಯಳತೆಯನ್ನು ತೀರ್ಮಾನಿಸಿದ್ದು ತೆರಿಗೆ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರ್ ಮೀರದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟದ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. ಆಮೇಲೆ ಬಂದ ಬ್ರೆಝಾ, ವೆನ್ಯೂ, ಸೋನೆಟ್, ಎಕ್ಸ್‌ಯುವಿ 300 ಎಲ್ಲವೂ 3,995 ಮಿಲಿಮೀಟರ್ ಉದ್ದ. ಗಡಿಗೆ ಐದೇ ಮಿಲಿಮೀಟರ್ ಒಳಗೆ.

ಇವುಗಳಲ್ಲಿ ಒಂದನ್ನೇ ಹಿಡಿದು ಮಾತಾಡುತ್ತೇನೆ. ವಿಟಾರಾ ಬ್ರೆಝಾ 2016ರ ಮಾರ್ಚ್‌ನಲ್ಲಿ ಬಂತು, ಡೀಸೆಲ್‌ನಲ್ಲಿ ಮಾತ್ರ. ಒಳಗಿದ್ದದ್ದು ಫಿಯಟ್ ಮೂಲದ 1248 ಸಿಸಿ ಎಂಜಿನ್. ಅದೇ ಎಂಜಿನ್ ಸ್ವಿಫ್ಟ್‌ನಲ್ಲಿತ್ತು, ಡಿಝೈರ್‌ನಲ್ಲಿತ್ತು, ಎರ್ಟಿಗಾದಲ್ಲಿತ್ತು, ಟಾಟಾದವರ ಇಂಡಿಕಾ ವಿಸ್ಟಾದಲ್ಲೂ ಇತ್ತು. ಹಾಗಾಗಿ ತೇರದಾಳದ ಸಣ್ಣ ಗ್ಯಾರೇಜಿನ ಹುಡುಗನಿಗೂ ಅದರ ಸ್ವಭಾವ ಗೊತ್ತು, ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ. ಹಳೇ ಗಾಡಿ ಕೊಳ್ಳುವವನಿಗೆ ಈ ಭರವಸೆ ದೊಡ್ಡದು.

ಮೊದಲ ಎರಡು ವರ್ಷದ ಬ್ರೆಝಾಗಳಲ್ಲಿ ಚಾಲಕನ ಮುಂದಿನ ಏರ್‌ಬ್ಯಾಗ್ ಎಲ್ಲದರಲ್ಲೂ ಇತ್ತು. ಪಕ್ಕದ ಸೀಟಿನ ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಇವು ಕೆಳಗಿನ ದರ್ಜೆಯ ಗಾಡಿಗಳಲ್ಲಿ ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಕೇಳಿ ಪಡೆಯಬೇಕಾದ ಸಂಗತಿಗಳು. ಹಾಗೆ ಕೇಳಿ ಪಡೆದ ಗಾಡಿಯ ಹೆಸರಿನ ಕೊನೆಗೆ ‘ಓ’ ಎಂಬ ಅಕ್ಷರ ಸೇರುತ್ತಿತ್ತು. 2018ರ ಮೇ ತಿಂಗಳಲ್ಲಿ ಕಂಪನಿ ಈ ಪದ್ಧತಿ ಬಿಟ್ಟು ಎರಡೂ ಏರ್‌ಬ್ಯಾಗ್, ಎಬಿಎಸ್ ಎಲ್ಲ ದರ್ಜೆಗೂ ಕೊಟ್ಟಿತು. ಪೇಟೆಯಲ್ಲಿ ಜನ ಮಾತಾಡಿದ್ದು ಅದೇ ತಿಂಗಳು ಬಂದ ಕ್ಲಚ್ ಇಲ್ಲದ ಗೇರಿನ ಬಗ್ಗೆ, ಕಪ್ಪು ಅಲಾಯ್ ವೀಲಿನ ಬಗ್ಗೆ.

2016ರಲ್ಲಿ ಯಾವುದೋ ಊರಿನ ಶೋರೂಮಿನಲ್ಲಿ ಕೂತು ಒಬ್ಬರು ‘ಓ’ ಬೇಡ ಎಂದರು. ಉಳಿದ ದುಡ್ಡಿಗೆ ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಹಾಕಿಸಿಕೊಂಡರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆಗ ಎಲ್ಲರೂ ಹಾಗೇ ಕೊಳ್ಳುತ್ತಿದ್ದೆವು. ಅವರು ಐದು ವರ್ಷ ಓಡಿಸಿ ಮಾರಿದರು. ಕೊಂಡವರು ಮತ್ತೆ ಮಾರಿದರು. ಇವತ್ತು ಅದು ಬನಹಟ್ಟಿಯಲ್ಲಿ ಒಬ್ಬ ನೇಕಾರನ ಮನೆ ಮುಂದೆ ನಿಂತಿದೆ. ಮುಂದಿನ ಪಕ್ಕದ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಹೆಣ್ಣುಮಗಳಿಗೆ, ತನ್ನ ಮುಂದಿನ ಡ್ಯಾಶ್‌ಬೋರ್ಡ್ ಬರೀ ಪ್ಲಾಸ್ಟಿಕ್ಕು ಎಂಬುದು ಗೊತ್ತಿಲ್ಲ. ಹತ್ತು ವರ್ಷದ ಹಿಂದೆ ಬೇರೊಂದು ಮನೆಯವರು ಉಳಿಸಿದ ಕೆಲವು ಸಾವಿರ ರೂಪಾಯಿ ಈಗ ಅವಳ ಪಾಲಿಗೆ ಬಂದಿದೆ. ಬಿಟ್ಟ ಏರ್‌ಬ್ಯಾಗನ್ನು ಆಮೇಲೆ ಹಾಕಿಸಲೂ ಬರುವುದಿಲ್ಲ. ಸೆನ್ಸರ್, ವೈರಿಂಗ್, ಕಂಟ್ರೋಲ್ ಯೂನಿಟ್ ಎಲ್ಲ ಸೇರಿದರೆ ಮಾತ್ರ ಅದು ಅಪಘಾತದ ಆ ಕ್ಷಣದಲ್ಲಿ ಉಬ್ಬುತ್ತದೆ. ಕಾರ್ಖಾನೆಯಲ್ಲಿ ಆಗಬೇಕಾದದ್ದು ಕಾರ್ಖಾನೆಯಲ್ಲೇ ಆಗಬೇಕು.

ಹೊಸ ಸೌಲಭ್ಯ ಮೊದಲು ಹೊಸ ಗಾಡಿ ಕೊಳ್ಳುವವರಿಗೆ ಸಿಗುತ್ತದೆ, ಅದು ಇರುವುದೇ ಹಾಗೆ. ಆರೇಳು ವರ್ಷ ಕಳೆದ ಮೇಲೆ ಎರಡನೆಯ, ಮೂರನೆಯ ಕೈಗೆ ಇಳಿದು ಬರುತ್ತದೆ. ಟಚ್‌ಸ್ಕ್ರೀನ್ ಆರು ವರ್ಷ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ಬ್ರೇಕು, ಏರ್‌ಬ್ಯಾಗು ತಡವಾಗಿ ಬಂದರೆ ಆ ನಡುವಿನ ವರ್ಷಗಳನ್ನು ಯಾರೋ ಒಬ್ಬರು ರಸ್ತೆಯ ಮೇಲೆ ಕಳೆಯಬೇಕು. ಅವರು ಮಾಸ್ತರರು, ನೇಕಾರರು, ನಾಲ್ಕೆಕರೆ ಕಬ್ಬಿನವರು, ಹೊಸದಕ್ಕೆ ದುಡ್ಡು ಹೊಂದಿಸಲಾಗದವರು. ಇದು ನನ್ನನ್ನು ಕಾಡುತ್ತದೆ.

2018ರ ಅದೇ ಮೇ ತಿಂಗಳ 28ರಂದು ಸಿದ್ದು ನ್ಯಾಮಗೌಡರು ತುಳಸಿಗೇರಿ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು. ಜಮಖಂಡಿಯ ಶಾಸಕರಾಗಿ ಮತ್ತೆ ಆಯ್ಕೆಯಾಗಿ ಕೆಲವೇ ದಿನಗಳಾಗಿದ್ದವು. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರ ದುಡ್ಡು, ರೈತರ ಬೆವರಿನಿಂದ 1989ರಲ್ಲಿ ಬ್ಯಾರೇಜ್ ಕಟ್ಟಿಸಿದವರು ಅವರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಅವರ ಗಾಡಿಗೂ ನಾನು ಹೇಳುತ್ತಿರುವ ಗಾಡಿಗೂ ಸಂಬಂಧವಿಲ್ಲ. ನೀರಿಗಾಗಿ ಊರನ್ನೆಲ್ಲ ಒಟ್ಟುಗೂಡಿಸಿದ ಮನುಷ್ಯನನ್ನು ರಸ್ತೆ ಒಂದು ಬೆಳಗಿನಲ್ಲಿ ಕಿತ್ತುಕೊಂಡಿತಲ್ಲ ಎಂಬ ಸಂಕಟ ಜಮಖಂಡಿಯಲ್ಲಿ ಇನ್ನೂ ಆರಿಲ್ಲ.

ಆ ವರ್ಷದ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ವಿಟಾರಾ ಬ್ರೆಝಾಗೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರ ಬಂತು, ಮಕ್ಕಳ ರಕ್ಷಣೆಯಲ್ಲಿ ಎರಡು. ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆಯಿತು, ಭಾರತದ ಗಾಡಿಗೆ ಅದೇ ಮೊದಲು. 2019ರ ಏಪ್ರಿಲ್‌ನಿಂದ ದೇಶದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಜುಲೈಯಿಂದ ಚಾಲಕನ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆ, ಎಂಬತ್ತು ದಾಟಿದರೆ ಎಚ್ಚರಿಸುವ ಸದ್ದು, ಹಿಂದೆ ಸರಿಯುವಾಗಿನ ಸೆನ್ಸರ್ ಬಂದವು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಹಳೇ ಗಾಡಿಯ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಎಂದು ಒಂದು ಸಾಲಿರುತ್ತದೆ. ಈ ಇಡೀ ಚರಿತ್ರೆಯಲ್ಲಿ ನಿಮ್ಮ ಗಾಡಿ ಯಾವ ಮೆಟ್ಟಿಲ ಮೇಲೆ ನಿಂತಿದೆ ಎಂದು ಹೇಳುವುದು ಆ ಒಂದು ಸಾಲು.

ಕಾಗದ ಹೇಳದ್ದನ್ನು ಗಾಡಿಯೇ ಹೇಳುತ್ತದೆ, ನೋಡುವ ಕಣ್ಣಿರಬೇಕು. ಅಂಥ ಕಣ್ಣಿನ ಒಬ್ಬ ಮಿಸ್ತ್ರಿ ಜಮಖಂಡಿಯಲ್ಲಿದ್ದಾರೆ. ನೆರೆಮನೆಯ ನೇಕಾರ ಕುಟುಂಬ ಗಾಡಿ ನೋಡಲು ಹೊರಟಾಗ ಅವರ ಜೊತೆ ನಾನೂ ಹೋಗಿದ್ದೆ. ಮಿಸ್ತ್ರಿ ಬಾನೆಟ್ ಎತ್ತುವ ಮೊದಲು ಕೀಲಿ ತಿರುವಿ ಮೀಟರನ್ನೇ ನೋಡಿದರು. ಎಬಿಎಸ್ ದೀಪ, ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಆರದಿದ್ದರೆ ಒಳಗೆ ದೋಷ. ಹತ್ತದೇ ಇದ್ದರೆ ಒಂದೋ ಆ ಸೌಲಭ್ಯವೇ ಇಲ್ಲ, ಇಲ್ಲವೇ ಒಮ್ಮೆ ಸಿಡಿದ ಏರ್‌ಬ್ಯಾಗನ್ನು ಹಾಗೇ ಮುಚ್ಚಿ ದೀಪದ ತಂತಿ ಕಿತ್ತಿದ್ದಾರೆ. ಆಮೇಲೆ ಮುಂದಿನ ಸೀಟಿನ ಬೆಲ್ಟ್ ಹಿಡಿದು ಎಳೆಯತೊಡಗಿದರು, ಸುರುಳಿ ಪೂರ್ತಿ ಬಿಚ್ಚುವ ತನಕ.

“ಇದನ್ನ ಕಡೀತನಕ ಜಗ್ಗಿ ನೋಡ್ಬೇಕ್ರಿ,” ಎಂದರು. “ಗಾಡಿ ತೊಳೀತಾರ, ಸೀಟ್ ತೊಳೀತಾರ. ಬೆಲ್ಟಿನ ಬುಡ ಯಾರೂ ತೊಳಿಯಂಗಿಲ್ಲ.”

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದವು. ಮೇಲೆ ಸಾಂಗಲಿ, ಕೊಲ್ಹಾಪುರ ಮುಳುಗಿದವು. ಆ ನೀರಲ್ಲಿ ನಿಂತ ಕಾರುಗಳೂ ಬಹಳ. ನೀರು ಕುಡಿದ ಗಾಡಿ ಬಿಸಿಲಿಗೆ ಒಣಗಿ, ಪಾಲಿಶ್ ಹೊಡೆಸಿಕೊಂಡು ನಿಂತರೆ ಕಣ್ಣಿಗೆ ಗೊತ್ತಾಗದು. ಬೆಲ್ಟಿನ ಸುರುಳಿಯ ತಳದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡಿಕ್ಕಿಯ ಮ್ಯಾಟ್ ಎತ್ತಿದರೆ ಸ್ಟೆಪ್ನಿ ಕೂರುವ ತಗ್ಗಿನ ಬೋಲ್ಟುಗಳಲ್ಲಿ ಜಂಗು. ಅಂಥ ಗಾಡಿಯ ವೈರಿಂಗ್ ವರ್ಷಗಳ ಮೇಲೆ ಒಂದೊಂದೇ ಕೈಕೊಡುತ್ತದೆ, ಏರ್‌ಬ್ಯಾಗಿನ ವೈರಿಂಗೂ ಅದರಲ್ಲೇ ಸೇರಿದ್ದು.

ನಾವು ನೋಡಿದ ಗಾಡಿಯಲ್ಲಿ ಕೆಸರಿರಲಿಲ್ಲ. ಆದರೆ ಬೆಲ್ಟ್ ಪೂರ್ತಿ ಹೊರಬಂದಾಗ ನೆರೆಮನೆಯ ಹಿರಿಯರು ಅದನ್ನು ಕೈಗೆ ತೆಗೆದುಕೊಂಡರು. ಐವತ್ತು ವರ್ಷ ಮಗ್ಗದ ಮುಂದೆ ಕೂತವರು. ಗಾಡಿಯ ಬಗ್ಗೆ ಅಷ್ಟು ಹೊತ್ತೂ ಏನೂ ಮಾತಾಡಿರಲಿಲ್ಲ. ಪಟ್ಟಿಯನ್ನು ಬೆರಳ ಮೇಲೆ ಹಾಯಿಸಿ, ಅಂಚನ್ನು ಉಗುರಿನಿಂದ ಒತ್ತಿ, ಬೆಳಕಿಗೆ ಹಿಡಿದು ನೋಡಿದರು. “ಹಾಸು ಭಾಳ ಒತ್ತೈತಿ. ಹೊಕ್ಕು ಸಣ್ಣದು,” ಎಂದರು. ಒಂದು ಕಡೆ ಅಂಚು ಸ್ವಲ್ಪ ಜುಂಜಾಗಿತ್ತು. ಅಲ್ಲೇ ಬೆರಳಿಟ್ಟು, “ಇಲ್ಲಿ ಏನೋ ತಿಕ್ಕೇತಿ. ಇದನ್ನ ಬದಲಿ ಮಾಡ್ಸಬೇಕು,” ಎಂದು ಮಗನ ಕಡೆ ನೋಡಿದರು. ಮಿಸ್ತ್ರಿ ಹೌದೆಂದು ತಲೆಯಾಡಿಸಿದರು. ಪಾಲಿಯೆಸ್ಟರ್ ನೂಲಿನ ಆ ಎರಡಂಗುಲದ ಪಟ್ಟಿ ಸುಮಾರು ಒಂದೂವರೆ ಟನ್ನಿನ ಎಳೆತ ತಡೆಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಅಂಚು ಹರಿದ ಪಟ್ಟಿ, ಒಮ್ಮೆ ಅಪಘಾತದಲ್ಲಿ ಜಗ್ಗಿದ ಪಟ್ಟಿ ಆ ಭಾರಕ್ಕೆ ನಿಲ್ಲುವುದಿಲ್ಲ. ಸೀರೆ ನೇಯುವ ಊರಿನ ಮನುಷ್ಯ ಕಾರಿನ ಅತಿ ಮುಖ್ಯವಾದ ಭಾಗವನ್ನು ತನ್ನ ಕಸುಬಿನಿಂದಲೇ ಅಳೆದದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಇಂಧನದ ಮಾತೂ ವರ್ಷಕ್ಕೇ ಬಂದು ನಿಲ್ಲುತ್ತದೆ. 2020ರ ಏಪ್ರಿಲ್ ಒಂದಕ್ಕೆ ಬಿಎಸ್-6 ಹೊಗೆ ನಿಯಮ ಬಂತು, ಬ್ರೆಝಾದ ಆ ಡೀಸೆಲ್ ಎಂಜಿನ್ ಅಲ್ಲಿಗೆ ಮುಗಿಯಿತು. ಫೆಬ್ರವರಿಯಲ್ಲೇ ವಿಟಾರಾ ಬ್ರೆಝಾ 1462 ಸಿಸಿ ಪೆಟ್ರೋಲ್ ಗಾಡಿಯಾಗಿ ಹೊಸ ಮುಖದೊಂದಿಗೆ ಬಂದಿತ್ತು. ಬೇರೆ ಕಂಪನಿಗಳ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಎಂಜಿನ್ ಕಾಯ್ದು ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ರಬಕವಿಯಿಂದ ಬನಹಟ್ಟಿಗೆ, ಅಲ್ಲಿಂದ ಮತ್ತೆ ರಬಕವಿಗೆ ಎಂದು ದಿನವಿಡೀ ಅಷ್ಟರಲ್ಲೇ ತಿರುಗುವವರ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಊರೊಳಗಿನ ಓಡಾಟಕ್ಕೆ ಹಳೇ ಬಿಎಸ್-6 ಡೀಸೆಲ್ ಕೊಳ್ಳುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಪೆಟ್ರೋಲ್ ಕೊಂಡವರ ಕತೆ ನಮ್ಮ ನೆಲಕ್ಕೆ ಇನ್ನೂ ಹತ್ತಿರದ್ದು. ಮುಧೋಳ, ಸಮೀರವಾಡಿಯ ಕಾರ್ಖಾನೆಗಳು ಈಗ ಸಕ್ಕರೆಯ ಜೊತೆ ಎಥನಾಲ್ ಕೂಡ ಮಾಡುತ್ತವೆ. ಅಲ್ಲಿ ಅರೆದ ಕಬ್ಬು ಪಂಪಿನಲ್ಲಿ ಪೆಟ್ರೋಲಿನೊಂದಿಗೆ ಬೆರೆತು ಮತ್ತೆ ಕಬ್ಬು ಬೆಳೆದವನ ಟ್ಯಾಂಕಿಗೇ ಬರುತ್ತದೆ. ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್. 2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಗಾಡಿಗಳ ರಬ್ಬರ್ ಪೈಪು, ಸೀಲುಗಳು ಅದಕ್ಕೆ ಹೊಂದುವಂಥವು. ಅದಕ್ಕಿಂತ ಹಿಂದಿನವು ಶೇಕಡಾ 10ರ ಲೆಕ್ಕದಲ್ಲಿ ಆದವು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಆವರೇಜ್ ಅಷ್ಟಿಷ್ಟು ಇಳಿಯುವುದು ಅದಕ್ಕೇ. ಕಬ್ಬಿಗೆ ಒಳ್ಳೆಯ ದರ ಸಿಗಲಿ ಎಂದು ಬಯಸುವ ರೈತನೇ 2020ರ ಪೆಟ್ರೋಲ್ ಗಾಡಿಯ ಮಾಲೀಕನೂ ಆಗಿದ್ದರೆ, ಎರಡೂ ಲೆಕ್ಕ ಅವನ ಮನೆಯಲ್ಲೇ ಆಗಬೇಕು.

2022ರ ಜೂನ್ 30ಕ್ಕೆ ‘ವಿಟಾರಾ’ ಹೆಸರು ಬಿಟ್ಟು ಬರೀ ಬ್ರೆಝಾ ಬಂತು. ಸನ್‌ರೂಫ್, ಸುತ್ತಲೂ ತೋರಿಸುವ ಕ್ಯಾಮೆರಾ, ಮೇಲಿನ ದರ್ಜೆಗೆ ಆರು ಏರ್‌ಬ್ಯಾಗ್. ಕೆಳಗಿನ ದರ್ಜೆಗೂ ಆರು ಸಿಕ್ಕಿದ್ದು 2025ರಲ್ಲಿ. ಮತ್ತೆ ಅದೇ ಕ್ರಮ, ಮೊದಲು ಮೇಲೆ, ಆಮೇಲೆ ಕೆಳಗೆ. 2025ರ ಗಾಡಿಗಳು ನಮ್ಮ ಚಹಾ ಅಂಗಡಿಯ ಮಾತಿಗೆ ಬರಲು ಇನ್ನೂ ಐದಾರು ವರ್ಷ ಬೇಕು.

ಅಲ್ಲಿತನಕ ಇರುವುದರಲ್ಲೇ ಬದುಕಬೇಕಲ್ಲ. ಹಂಗಾಮಿನ ರಾತ್ರಿಗಳಲ್ಲಿ ಮುಧೋಳ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ಹಿಂದೆ ದೀಪವಿರುವುದಿಲ್ಲ, ಕಬ್ಬಿನ ತುದಿ ಎರಡೂ ಬದಿ ಚಾಚಿಕೊಂಡಿರುತ್ತದೆ. ಹಂಗಾಮು ಶುರುವಾಗುವಾಗ ಪೊಲೀಸರು, ಕಾರ್ಖಾನೆಯವರು ಕೆಂಪು ರಿಫ್ಲೆಕ್ಟರ್ ಪಟ್ಟಿ ಹಚ್ಚಿಸುತ್ತಾರೆ. ಧೂಳು, ಸಿಪ್ಪೆ ಮೆತ್ತಿ ಅದೂ ಕಾಣದಾಗುತ್ತದೆ. ಹತ್ತು ವರ್ಷದ ಗಾಡಿಯ ಹೆಡ್‌ಲೈಟಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಹಳದಿ ತಿರುಗಿ ಬೆಳಕನ್ನು ಅರ್ಧ ನುಂಗಿರುತ್ತದೆ. ಅದನ್ನು ಉಜ್ಜಿ ತಿಳಿಯಾಗಿಸಲು ದೊಡ್ಡ ಖರ್ಚಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದ ಟೈರು. ಹಲ್ಲು ಎಷ್ಟೇ ಉಳಿದಿರಲಿ, ಅಂಥ ರಬ್ಬರನ್ನು ನಂಬಿ ಮಗಳನ್ನು ಕಾಲೇಜಿಗೆ ಬಿಡಲು ಹೋಗಬಾರದು.

ಎಲ್ಲಕ್ಕಿಂತ ಅಗ್ಗದ್ದು, ಯಾವ ವರ್ಷದ ಗಾಡಿಯಲ್ಲೂ ಇರುವುದು, ಹಿಂದಿನ ಸೀಟಿನ ಬೆಲ್ಟು. ನಮ್ಮ ಕಡೆ ಹಳೇ ಕಾರುಗಳಲ್ಲಿ ಅದು ಕಾಣುವುದೇ ಇಲ್ಲ. ಮೊದಲ ಓನರ್ ಸೀಟ್ ಕವರ್ ಹಾಕಿಸಿದ ದಿನವೇ ಬಕಲ್‌ಗಳು ರೆಕ್ಸಿನ್ ಅಡಿಗೆ ಹೋಗಿರುತ್ತವೆ. ಹಿಂದೆ ಕೂರುವವರೂ ಬೆಲ್ಟ್ ಹಾಕಬೇಕೆಂಬ ನಿಯಮ ಬಹಳ ಹಿಂದಿನಿಂದ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಕಾರಿನ ಹಿಂದಿನ ಸೀಟಿನಲ್ಲಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ದೇಶ ಕೆಲವು ವಾರ ಅದನ್ನು ನೆನೆಯಿತು. ಅಂಗಡಿಗಳಲ್ಲಿ ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆಯ ಸದ್ದು ಅಡಗಿಸಲೆಂದೇ ಒಂದು ಕ್ಲಿಪ್ ಸಿಗುತ್ತದೆ, ಬೆಲ್ಟಿನ ಜಾಗಕ್ಕೆ ಚುಚ್ಚಿಟ್ಟರೆ ಸಾಕು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಅದನ್ನು ಮಾರಬಾರದೆಂದು ಆದೇಶಿಸಿತು. ಬೆಲ್ಟ್ ಇಲ್ಲದೆ ಏರ್‌ಬ್ಯಾಗ್ ಉಪಕಾರ ಮಾಡುವುದಿಲ್ಲ. ಮುಂದಕ್ಕೆ ಎಗರಿದ ದೇಹಕ್ಕೆ ಅದೇ ಎದುರಿನಿಂದ ಬಡಿಯುತ್ತದೆ. ಹಿಂದೆ ಬೆಲ್ಟಿಲ್ಲದೆ ಕೂತವರು ಡಿಕ್ಕಿಯಾದಾಗ ಮುಂದೆ ಕೂತವರ ಬೆನ್ನಿಗೇ ಹೋಗಿ ಬಡಿಯುತ್ತಾರೆ.

ನೆರೆಮನೆಯವರು ಕೊನೆಗೆ ಕೊಂಡದ್ದು 2018ರ ಆಗಸ್ಟ್‌ನಲ್ಲಿ ತಯಾರಾದ ಡೀಸೆಲ್ ವಿಟಾರಾ ಬ್ರೆಝಾ, ಎರಡನೇ ಓನರ್ ಮಾರಿದ್ದು. ಬೆಲ್ಟಿನ ಅಂಚು ಜುಂಜಾಗಿದ್ದ ಆ ಗಾಡಿ ಇದಲ್ಲ. ಅದು 2017ರದು, ‘ಓ’ ಇಲ್ಲದ್ದು. ಎರಡಕ್ಕೂ ಮೂವತ್ತೈದು ಸಾವಿರದ ಅಂತರವಿತ್ತು. ಮಗ ಒಂದು ರಾತ್ರಿಯಿಡೀ ಲೆಕ್ಕ ಹಾಕಿದ. ಹಿರಿಯರು ಮಗ್ಗದ ದುಡ್ಡಿನಿಂದ ಅಷ್ಟನ್ನು ಸೇರಿಸಿದರು. ಜಮಖಂಡಿ ಆರ್‌ಟಿಒದಲ್ಲಿ ಹೆಸರು ಬದಲಾಯಿತು, ಕೆಎ-48 ನಂಬರ್ ಹಾಗೇ ಉಳಿಯಿತು.

ಕವರ್ ಅಂಗಡಿಯಲ್ಲಿ ಹಳೇ ರೆಕ್ಸಿನ್ ಬಿಚ್ಚಿದಾಗ ಹಿಂದಿನ ಬೆಲ್ಟಿನ ಬಕಲ್‌ಗಳು ಸಿಕ್ಕವು, ಒಂದಕ್ಕೆ ಕಂಪನಿಯ ಪ್ಲಾಸ್ಟಿಕ್ ಹಾಳೆ ಸುತ್ತಿದ್ದು ಹಾಗೇ ಇತ್ತು. “ಬಕಲ್ ಒಳಗ ಹಾಕ್ಲೇನ್ರಿ ಕಾಕಾರ, ಹೊರಗ ಬಿಡ್ಲೇನ್ರಿ?” ಎಂದು ಹುಡುಗ ಕೇಳಿದ. ಒಳಗೆ ಹಾಕಿದರೆ ಸೀಟು ಸಪಾಟಾಗಿ ಚೆಂದ ಕಾಣುತ್ತದೆ ಎಂದೂ ಹೇಳಿದ.

“ಎಲ್ಲಾ ಹೊರಗ ಬಿಡಪಾ,” ಎಂದರು ಹಿರಿಯರು. “ಎಲ್ಲೆಲ್ಲಿ ಸೀಳು ಬೇಕು, ನಾ ಗುರುತು ಹಾಕಿಕೊಡ್ತೀನಿ.”

ಈಗ ಅವರ ಮನೆಯಲ್ಲಿ ಉಳಿದಿರುವ ಸಮಸ್ಯೆ ಅಜ್ಜಿಯದು. ಆಕೆ ಗಿಡ್ಡ, ಪಟ್ಟಿ ಭುಜದ ಮೇಲೆ ಕೂರದೆ ಕುತ್ತಿಗೆಗೆ ತಾಗುತ್ತದೆ. ಉಸಿರು ಕಟ್ಟತದ ಎಂದು ಕೈಯಲ್ಲಿ ಹಿಡಿದು ದೂರ ಇಟ್ಟುಕೊಳ್ಳುತ್ತಾಳೆ. ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಬರಬೇಕು, ಮೇಲಿನದು ಕೊರಳೆಲುಬಿನ ನಡುವೆ ಹಾಯಬೇಕು ಎಂದು ಮೊಮ್ಮಗಳು ದಿನಾ ಸೀರೆಯ ನೆರಿಗೆ ಸರಿಸಿ ಕೂರಿಸುತ್ತಾಳೆ. ಅಡಿಗೆ ದಪ್ಪನೆಯ ಗಟ್ಟಿ ಮೆತ್ತೆ ಹಾಕಿದರೆ ಸರಿಹೋದೀತೇ ಎಂದು ಮಿಸ್ತ್ರಿಯನ್ನು ಕೇಳಿದ್ದಾರೆ. ಮೆತ್ತೆ ಜಾರಬಾರದು, ಸೀಟಿಗೆ ಹಿಡಿದುಕೊಳ್ಳುವಂತಿರಬೇಕು ಎಂದು ಅವರು ಹೇಳಿದ್ದಾರಂತೆ.